ಸ್ಕೀ ಹಿಡಿಯುತ್ತಿದೆ ಅಂದರೆ ಎಲ್ಲಿಂದ ಹುಡುಕಬೇಕು: ವ್ಯಾಕ್ಸ್, ಪರ್ಮನೆಂಟ್ ಟ್ರೀಟ್‌ಮೆಂಟ್ ಮತ್ತು ಭಾವನ ಬಲಗಾಲು

ಮೊದಲೇ ಹೇಳಿಬಿಡುತ್ತೇನೆ, ಸ್ಕೀ ಅಂದರೆ ಹಿಮದ ಮೇಲೆ ಜಾರಲು ಕಾಲಿಗೆ ಹಾಕಿಕೊಳ್ಳುವ ಉದ್ದ ಪಟ್ಟಿ, ನಾನು ಅದರ ರಿಪೇರಿಯವನಲ್ಲ. ಇರುವುದು ಡೊಂಬಿವಲಿಯಲ್ಲಿ. ವರ್ಷಕ್ಕೊಮ್ಮೆ ಒಂದು ವಾರ, ರಜೆ ಮಿಕ್ಕಿದ್ದರೆ ಹತ್ತು ದಿನ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಬರುತ್ತೇನೆ. ಉಳಿದ ಹನ್ನೊಂದು ತಿಂಗಳು ಚಿಲ್ಲರೆ ನನ್ನ ಸ್ಕೀಗಳು ಲಾಫ್ಟ್‌ನಲ್ಲಿ, ಗಣಪತಿ ಮಂಟಪದ ಸಾಮಾನಿನ ಪಕ್ಕ ಮಲಗಿರುತ್ತವೆ. ಆದರೆ ಭಾವನ ಸ್ಕೀ ಸರಿಯಾಗಿ ಜಾರದೆ ಹಿಡಿಯತೊಡಗಿ ಕೈಕೊಟ್ಟಾಗ ಅದರ ಬೆನ್ನುಹತ್ತಿ ಕಾರಣ ಹುಡುಕಿದ್ದು ನಾನು. ಹುಡುಕುವಾಗ ದಾರಿ ತಪ್ಪಿದ್ದೂ ನಾನೇ. ಆ ತಪ್ಪುಗಳನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಮುಂಬೈ, ಪುಣೆ ಕಡೆಯ ನಮ್ಮವರಲ್ಲಿ ಸ್ವಂತ ಸ್ಕೀ ಇಟ್ಟುಕೊಂಡವರು ಬೆರಳೆಣಿಕೆ, ಇಟ್ಟುಕೊಂಡವರಿಗೂ ಏನಾದರೂ ಆದರೆ ಬೀದಿ ತುದಿಯಲ್ಲಿ ಹೋಗಿ ಕೇಳೋಣ ಅಂದರೆ ಅಂಗಡಿ ಇಲ್ಲ, ಅಲ್ವಾ.

ಭಾವ ಅಂದರೆ ಅಕ್ಕನ ಗಂಡ, ಪುಣೆಯ ಕೊಥ್ರೂಡ್‌ನಲ್ಲಿದ್ದಾರೆ. ಭಾನುವಾರ ಸಿಂಹಗಡ ಹತ್ತಿ ಇಳಿದು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವ ಗಟ್ಟಿ ಆಳು. ಆದರೆ ಒಂದೇ ಕೆಲಸ ಎರಡು ಸಲ ಮಾಡು ಅಂದರೆ ಅವರಿಗೆ ಸಿಟ್ಟು. ಪ್ರತಿ ಟ್ರಿಪ್‌ಗೆ ಮುಂಚೆ ಸ್ಕೀ ಚೆನ್ನಾಗಿ ಜಾರಲಿ ಅಂತ ವ್ಯಾಕ್ಸ್, ಅಂದರೆ ಮೇಣ, ಕರಗಿಸಿ, ಅಡಿಗೆ ಹಚ್ಚಿ, ಕೆರೆದು, ಬ್ರಷ್ ಹೊಡೆಯುವ ಉಸಾಬರಿ ಅವರಿಗೆ ಆಗುವುದಿಲ್ಲ. ಒಂದು ಸಲ ಹಚ್ಚಿದರೆ ಮುಗೀತು, ಮತ್ತೆ ವ್ಯಾಕ್ಸ್ ಬೇಡ ಅನ್ನುವ ಟ್ರೀಟ್‌ಮೆಂಟ್ ಇದೆ ಅಂತ ಗೊತ್ತಾದದ್ದೇ ತರಿಸಿಬಿಟ್ಟರು. ಇದರ ಮಾತು ಜೋರಾಗಿದ್ದು 2017ರಲ್ಲಿ, ಅಮೆರಿಕದ ಸ್ಕೀ ಕಂಪನಿ ಡಿಪಿಎಸ್ ಫ್ಯಾಂಟಮ್ ಅನ್ನುವ ತನ್ನ ಟ್ರೀಟ್‌ಮೆಂಟನ್ನು ಜನರಿಂದ ಹಣ ಎತ್ತುವ ವೆಬ್‌ಸೈಟ್ ಕಿಕ್‌ಸ್ಟಾರ್ಟರ್‌ನಲ್ಲಿ ಬಿಟ್ಟಾಗ. ಭಾವ ಹಚ್ಚಿದ್ದು ಯಾವುದು ಅನ್ನುವುದು ಇಲ್ಲಿ ಬೇಕಿಲ್ಲ. ಡಬ್ಬಿಯದೇನೂ ತಪ್ಪಿರಲಿಲ್ಲ.

ಮಾರ್ಚ್ ಮೊದಲ ವಾರ. ಗುಲ್ಮಾರ್ಗ್‌ನಲ್ಲಿ ಗೊಂಡೊಲಾದ (ಅಲ್ಲಿನ ಕೇಬಲ್ ಕಾರ್) ಮೊದಲ ಹಂತ ಇಳಿದು ಕೊಂಗ್‌ಡೋರಿಯಿಂದ ಕೆಳಗೆ ಬರುತ್ತಿದ್ದೆವು. ಇಳಿಜಾರು ಕಡಿಮೆಯಾಗಿ ಸ್ವಲ್ಪ ಮಟ್ಟಸ ಜಾಗ ಬಂದ ಕೂಡಲೇ ಭಾವ ಹಿಂದೆ ಉಳಿದರು.

"ಏ, ಬಲಗಾಲಿನದು ಬ್ರೇಕ್ ಹಾಕಿದ ಹಾಗೆ ಹಿಡೀತಿದೆ ನೋಡು."

"ವ್ಯಾಕ್ಸ್ ಹಾಕಿದ್ರಾ ಭಾವ?"

"ಪರ್ಮನೆಂಟ್ ಮಾಡಿದೀನಲ್ಲೋ, ವ್ಯಾಕ್ಸ್ ಯಾಕೆ?"

ಅಲ್ಲಿಂದ ಶುರು.

ಮೊದಲು ಸ್ಕೀಗಳನ್ನು ಅದಲು ಬದಲು ಮಾಡಿ

ನನ್ನ ಮೊದಲ ಊಹೆ ಸ್ಕೀ ಬಗ್ಗೆ ಅಲ್ಲವೇ ಅಲ್ಲ, ಭಾವನ ಕಾಲಿನ ಬಗ್ಗೆ. ಅವರ ಬಲ ಮಂಡಿ ಹಳೆಯ ನೋವಿನದು. ಭಾರ ಸರಿಯಾಗಿ ಹಾಕದೆ ಸ್ಕೀಯನ್ನು ಓರೆಯಾಗಿ ಇಟ್ಟರೆ ಅಂಚು ಹಿಮವನ್ನು ಕೆರೆಯುತ್ತದೆ, ಆಗ ಎಷ್ಟೇ ಒಳ್ಳೆಯ ಅಡಿ ಇದ್ದರೂ ಹಿಡಿದಂತೆ ಅನಿಸುತ್ತದೆ. ಇದನ್ನು ಪರೀಕ್ಷೆ ಮಾಡಲು ಒಂದು ಪೈಸೆ ಖರ್ಚಿಲ್ಲ. ಎಡಗಾಲಿನ ಸ್ಕೀ ಬಲಕ್ಕೆ, ಬಲದ್ದು ಎಡಕ್ಕೆ. ಈಗಿನ ಸಾಮಾನ್ಯ ಸ್ಕೀಗಳಲ್ಲಿ ಎಡ ಬಲ ಅಂತ ಭೇದ ಇರುವುದಿಲ್ಲ. ಇಬ್ಬರೂ ಬಣ್ಣ ನೋಡಿ ಅಭ್ಯಾಸಕ್ಕೆ ಹಾಕಿಕೊಳ್ಳುತ್ತೇವೆ ಅಷ್ಟೆ.

ಬದಲಿಸಿ ಅದೇ ಮಟ್ಟಸ ಜಾಗದಲ್ಲಿ ಇನ್ನೊಂದು ಸಲ ಬಿಡಿ. ಹಿಡಿತ ಅದೇ ಕಾಲಲ್ಲಿ ಉಳಿದರೆ ನಿಮ್ಮ ನಿಲುವು, ಬೂಟು, ಮಂಡಿ ನೋಡಿಕೊಳ್ಳಿ. ಸ್ಕೀ ಜೊತೆ ಇನ್ನೊಂದು ಕಾಲಿಗೆ ಹೋದರೆ ಸ್ಕೀಯದೇ ದೋಷ. ಭಾವನದ್ದು ಎಡಗಾಲಿಗೆ ಹೋಯಿತು. "ನೋಡಿದ್ಯಾ, ನನ್ನ ಕಾಲು ಸರಿ ಇದೆ" ಅಂತ ಅವರಿಗೆ ಖುಷಿ. ಅಲ್ಲಿಗೆ ನನ್ನ ಮೊದಲ ಊಹೆ ಮಣ್ಣು ಪಾಲು.

ಎರಡೂ ಸ್ಕೀ ಒಂದೇ ಸಮ ಹಿಡಿಯುತ್ತಿದ್ದರೆ ಮೊದಲು ಹಿಮವನ್ನು ನೋಡಿ, ಸ್ಕೀಯನ್ನಲ್ಲ. ಸ್ಕೀ ಜಾರುವುದು ಉಜ್ಜುವ ಬಿಸಿಗೆ ಅದರ ಅಡಿಯಲ್ಲಿ ಏಳುವ ತೀರಾ ತೆಳುವಾದ ನೀರಿನ ಪದರದ ಸಹಾಯದಿಂದ. ಮೈನಸ್ ಹದಿನೈದರ ಬೆಳಿಗ್ಗೆ ಆ ನೀರು ಸಾಲುವುದಿಲ್ಲ, ಹಿಮದ ಕಣಗಳು ಮರಳಿನಂತೆ ಗೀರುತ್ತವೆ. ಮಾರ್ಚ್ ಮಧ್ಯಾಹ್ನ ಉಲ್ಟಾ, ನೀರು ಜಾಸ್ತಿಯಾಗಿ ಅಡಿಗೆ ಅಂಟಿ ಎಳೆಯುತ್ತದೆ. ಟೇಬಲ್ ಮೇಲೆ ನೀರು ಚೆಲ್ಲಿ ಗಾಜಿನ ತಟ್ಟೆ ಇಟ್ಟು ಎತ್ತಿ ನೋಡಿ, ಹೇಗೆ ಹಿಡಿಯುತ್ತದೋ ಹಾಗೆ. ಅಂಥ ದಿನ ಪಕ್ಕದವನದ್ದೂ ಹಿಡಿಯುತ್ತಿರುತ್ತದೆ. ಸುಮ್ನೆ ಒಂದು ಟೀ ಕುಡಿದು ಕೂತುಕೊಳ್ಳಿ.

ಇಲ್ಲಿ ಒಂದು ಮಾತು, ವ್ಯಾಕ್ಸ್ ಏನು ಮಾಡುತ್ತದೆ ಅಂತ

ಸ್ಕೀಯ ಅಡಿ ಅಂದರೆ ಪಾಲಿಎಥಿಲೀನ್. ಎರಡು ಥರ ಬರುತ್ತದೆ. ಒಂದು, ಪ್ಲಾಸ್ಟಿಕ್ ಕರಗಿಸಿ ಹಾಳೆಯಾಗಿ ಹೊರಗೆ ತಳ್ಳಿ ಮಾಡಿದ್ದು, ಎಕ್ಸ್‌ಟ್ರೂಡೆಡ್. ಅಗ್ಗ, ನಿಭಾಯಿಸಲು ಸುಲಭ, ಆದರೆ ವ್ಯಾಕ್ಸ್ ಜಾಸ್ತಿ ಕುಡಿಯುವುದಿಲ್ಲ. ಇನ್ನೊಂದು, ಪುಡಿಯನ್ನು ಒತ್ತಿ ಬಿಸಿ ಮಾಡಿ ಗಟ್ಟಿ ಮಾಡಿದ್ದು, ಸಿಂಟರ್ಡ್. ಇದು ವ್ಯಾಕ್ಸ್ ಚೆನ್ನಾಗಿ ಕುಡಿಯುತ್ತದೆ, ಕುಡಿಸದೆ ಬಿಟ್ಟರೆ ಒಣಗಿ ಮುನಿಸಿಕೊಳ್ಳುತ್ತದೆ. ಬಾಡಿಗೆ ಸ್ಕೀಗಳಲ್ಲಿ ಮೊದಲನೆಯದು ಹೆಚ್ಚು. ನಿಮ್ಮದು ಯಾವುದು ಅಂತ ಸ್ಕೀ ಕಂಪನಿಯ ವಿವರದಲ್ಲಿ ಬರೆದಿರುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಎಕ್ಸ್‌ಟ್ರೂಡೆಡ್ ಅಡಿಗೆ ದುಬಾರಿ ಟ್ರೀಟ್‌ಮೆಂಟ್ ಮಾಡಿಸಿ ಆಮೇಲೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ ಅನ್ನಬೇಡಿ.

ಬಿಸಿ ವ್ಯಾಕ್ಸ್ ಅಂದರೆ ಬೀಡಿನ ದೋಸೆ ಕಾವಲಿ ಪಳಗಿಸಿದ ಹಾಗೆ. ಎಣ್ಣೆ ಸವರಿ, ಕಾಯಿಸಿ, ಒರೆಸಿ, ಮತ್ತೆ ಸವರಿ. ನಾಲ್ಕು ದಿನ ಬಿಟ್ಟರೆ ಮತ್ತೆ ಮೊದಲಿಂದ. ಪರ್ಮನೆಂಟ್ ಅಂದರೆ ನಾನ್‌ಸ್ಟಿಕ್ ತವಾ ಅಂತ ಭಾವ ಹೇಳುತ್ತಿದ್ದರು. ಅದು ಅಷ್ಟು ಸರಿಯಲ್ಲ. ನಾನ್‌ಸ್ಟಿಕ್ ಮೇಲ್ಮೈಯಲ್ಲಿ ಕೂರುತ್ತದೆ, ಇದು ಪ್ಲಾಸ್ಟಿಕ್ಕಿನ ಒಳಗೆ ಇಳಿದು ಅಲ್ಲೇ ಗಟ್ಟಿಯಾಗಬೇಕು. ಒಳಗೆ ಇಳಿಯಬೇಕು, ಗಟ್ಟಿಯಾಗಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಟ್ಟಿತು. ಭಾವನ ಕಥೆ ಕಡೆಗೆ ಬಂದು ನಿಂತದ್ದು ಅಲ್ಲೇ, ಆದರೆ ಅಲ್ಲಿಗೆ ಮುಟ್ಟಲು ನನಗೆ ಹದಿನೈದು ದಿನ ಬೇಕಾಯಿತು.

ಅಡಿಯನ್ನು ಬೆಳಕಿಗೆ ಹಿಡಿದು ನೋಡಿ

ರಾತ್ರಿ ರೂಮಿನಲ್ಲಿ ಎರಡೂ ಸ್ಕೀಗಳನ್ನು ಮಗುಚಿ ಮಂಚದ ಮೇಲೆ ಇಟ್ಟೆವು. ಒಣಗಿದ ಮೇಲೆ ನೋಡಬೇಕು, ಒದ್ದೆ ಇದ್ದಾಗ ಎಲ್ಲ ಅಡಿಯೂ ಚೆಂದವೇ. ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿಯಿರಿ.

ಅಂಚಿನ ಉದ್ದಕ್ಕೂ, ಕಾಲಿನ ಕೆಳಗಿನ ಜಾಗದಲ್ಲಿ, ಬೂದಿ ಬಡಿದಂತೆ ಬೆಳ್ಳಗೆ, ಮುಟ್ಟಿದರೆ ಸ್ವಲ್ಪ ತರಿ ತರಿ ಇದೆಯಾ? ಅದು ಒಣಗಿದ ಅಡಿ. ಗಟ್ಟಿ ಹಿಮದ ಮೇಲೆ ಅಂಚು ಒತ್ತಿ ತಿರುಗುವಾಗ ಅಲ್ಲೇ ಜಾಸ್ತಿ ಉಜ್ಜುತ್ತದೆ, ಅಲ್ಲೇ ಮೊದಲು ವ್ಯಾಕ್ಸ್ ಖಾಲಿಯಾಗುತ್ತದೆ. ಸುಮ್ಮನೆ ಬಣ್ಣ ಮಾಸಿದ್ದರೆ ಬಿಸಿ ವ್ಯಾಕ್ಸ್ ಎರಡು ಮೂರು ಸಲ ಕುಡಿಸಿದರೆ ಮರಳಿ ಕಪ್ಪಾಗುತ್ತದೆ. ಪ್ಲಾಸ್ಟಿಕ್ಕಿನ ನೂಲು ಎದ್ದು ನಿಂತಿದ್ದರೆ ವ್ಯಾಕ್ಸ್ ಸಾಲದು, ಮೆಷಿನ್‌ನಲ್ಲಿ ಅಡಿ ಉಜ್ಜಿಸಬೇಕು. ಪರ್ಮನೆಂಟ್ ಮಾಡಿದ ಸ್ಕೀಗೂ ಈ ರೋಗ ಬರಬಹುದು.

ಇದಕ್ಕೆ ಬದಲಾಗಿ ಕಪ್ಪು ಜಿಡ್ಡಿನ ಪದರ, ಒರೆಸಿದರೆ ಬಟ್ಟೆಗೆ ಹತ್ತುವಂಥದ್ದು ಇದೆಯಾ? ಅದು ಕೊಳೆ. ಮಾರ್ಚ್‌ನ ಹಿಮ ಹಳೆಯದು. ಅದರಲ್ಲಿ ಧೂಳು, ಮರದ ಅಂಟು, ಲಿಫ್ಟಿನ ಗ್ರೀಸು ಎಲ್ಲ ಇರುತ್ತದೆ. ಒಮ್ಮೆ ಹಚ್ಚಿ ಮರೆತುಬಿಡಿ ಅನ್ನುವ ಮಾತನ್ನು ಜನ ನಂಬಿ ಸ್ಕೀ ಒರೆಸುವುದನ್ನೂ ಮರೆಯುತ್ತಾರೆ ನೋಡಿ, ಅದು ದೊಡ್ಡ ತಪ್ಪು. ವ್ಯಾಕ್ಸ್ ಹಾಕುವವರು ಕೆರೆಯುವಾಗ ಕೊಳೆಯೂ ಜೊತೆಗೆ ಬಂದುಬಿಡುತ್ತದೆ. ಪರ್ಮನೆಂಟ್‌ನವರಿಗೆ ಆ ಲಾಭ ಇಲ್ಲ, ಬೇರೆಯಾಗಿ ಒರೆಸಬೇಕು, ನೈಲಾನ್ ಬ್ರಷ್ ಹೊಡೆಯಬೇಕು.

ಭಾವನ ಎಡ ಸ್ಕೀ ಶುಭ್ರ. ಬಲದ್ದರಲ್ಲಿ ಬಾಲದ ಕಡೆ, ಅಂದರೆ ಹಿಂದಿನ ತುದಿಯಲ್ಲಿ, ಒಂದು ಗೇಣು ಉದ್ದಕ್ಕೆ ಕಪ್ಪು. ಇಬ್ಬರೂ ಅದನ್ನು ನೋಡಿದೆವು. ಒರೆಸಿದೆವು. ಒಂದೇ ಹಿಮದಲ್ಲಿ, ಒಂದೇ ದಿನ ಓಡಿದ ಎರಡು ಸ್ಕೀಯಲ್ಲಿ ಒಂದಕ್ಕೆ ಮಾತ್ರ ಕೊಳೆ ಯಾಕೆ ಹತ್ತಿತು ಅಂತ ಆವತ್ತು ಕೇಳಿಕೊಳ್ಳಲಿಲ್ಲ. ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು.

ನೀರಿನ ಹನಿಯನ್ನು ನಂಬಬೇಡಿ

ಭಾವ ಬಾತ್‌ರೂಮಿನಿಂದ ಒಂದು ಮಗ್ ನೀರು ತಂದು ಎರಡೂ ಸ್ಕೀ ಮೇಲೆ ಹನಿ ಹಾಕಿದರು. ಎರಡರಲ್ಲೂ ಹನಿ ಗುಂಡಗೆ ನಿಂತಿತು. "ಟ್ರೀಟ್‌ಮೆಂಟ್ ಎರಡಕ್ಕೂ ಹಿಡಿದಿದೆ, ನೋಡು, ಕೆಸುವಿನ ಎಲೆ ಥರ" ಅಂದರು. ನಾನೂ ತಲೆಯಾಡಿಸಿದೆ. ಆಮೇಲೆ ಹೊಳೆಯಿತು, ಪಾಲಿಎಥಿಲೀನ್‌ಗೇ ನೀರು ಆಗುವುದಿಲ್ಲ. ಹಾಲಿನ ಪ್ಯಾಕೆಟ್ ತೊಳೆದು ಉಲ್ಟಾ ಮಾಡಿ, ಅದರ ಮೇಲೂ ಹನಿ ನಿಲ್ಲುತ್ತದೆ. ವ್ಯಾಕ್ಸ್ ಇಲ್ಲದ, ಟ್ರೀಟ್‌ಮೆಂಟ್ ಇಲ್ಲದ ಬರೀ ಅಡಿಯೂ ಈ ಪರೀಕ್ಷೆಯಲ್ಲಿ ಪಾಸು. ಇನ್‌ಸ್ಟಾಗ್ರಾಮ್‌ನಲ್ಲಿ ನೀರು ಉರುಳಿಸಿ ತೋರಿಸುವ ವಿಡಿಯೋಗಳಿಗೂ ಇದೇ ಮಾತು.

ಮುಟ್ಟಿ ನೋಡುವುದು ಇದಕ್ಕಿಂತ ಒಳ್ಳೆಯದು. ಉಗುರಿನಿಂದ ಮೆಲ್ಲಗೆ ಗೀರಿ. ಬಿಳಿ ಪುಡಿ ಬಂದರೆ ಮೇಲೆ ವ್ಯಾಕ್ಸ್ ಉಳಿದಿದೆ. ಬೆರಳು ಒತ್ತಿ ಎತ್ತಿದಾಗ ಅಂಟು ಅನಿಸಿದರೆ ಏನೋ ಒಣಗಿಲ್ಲ. ಏನೂ ಇಲ್ಲದೆ ಗಟ್ಟಿ, ನುಣುಪು, ಮ್ಯಾಟ್ ಕಪ್ಪು ಇದ್ದರೆ ಒಳ್ಳೆಯದು.

ಒಂದಕ್ಕೆ ಮಾತ್ರ ಹಚ್ಚಿ ನೋಡುವುದು

ಇದು ನನಗೆ ತುಂಬ ಇಷ್ಟವಾದ ಪರೀಕ್ಷೆ. ಬಿಸಿ ಮಾಡದೆ ಉಜ್ಜುವ ವ್ಯಾಕ್ಸ್ ಸಿಗುತ್ತದೆ, ಜೇಬಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣದು. ಅದನ್ನು ಹಿಡಿಯುವ ಸ್ಕೀಗೆ ಮಾತ್ರ ಹಚ್ಚಿ, ಬೆಂಡಿನ ತುಂಡಿನಿಂದ ತಿಕ್ಕಿ, ಒಂದೇ ಇಳಿಜಾರಿನಲ್ಲಿ ಬಿಡಿ. ಎರಡಕ್ಕೂ ಹಚ್ಚಬಾರದು, ಹಚ್ಚಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ನಾವೆಲ್ಲ ಮನೆಯಲ್ಲಿ ಮಿಕ್ಸರ್ ಕೆಟ್ಟರೆ ಪ್ಲಗ್, ವಯರ್, ಜಾರ್ ಒಟ್ಟಿಗೆ ಬದಲಿಸಿ ಆಮೇಲೆ ಯಾವುದು ಕೆಟ್ಟಿತ್ತು ಅಂತ ತಲೆ ಕೆರೆದುಕೊಳ್ಳುವ ಜನ, ಅದಕ್ಕೇ ಹೇಳಿದೆ.

ಹಚ್ಚಿದ ಮೇಲೆ ಪೂರ್ತಿ ಸರಿಹೋದರೆ ಮೇಲ್ಮೈ ಬರಿದಾಗಿತ್ತು, ವಿಷಯ ಮುಗಿಯಿತು. ಏನೂ ಬದಲಾಗದಿದ್ದರೆ ಅಡಿಯನ್ನು ಬಿಟ್ಟು ಅಂಚಿಗೆ ಹೋಗಿ. ಭಾವನದ್ದು ಇವೆರಡೂ ಅಲ್ಲ. ಎರಡು ಸಲ ಇಳಿಯುವವರೆಗೆ ಚೆನ್ನಾಗಿ ಜಾರಿತು, ಮೂರನೆಯದರಲ್ಲಿ ಮತ್ತೆ ಹಿಡಿಯಿತು. ಉಜ್ಜುವ ವ್ಯಾಕ್ಸ್ ಬೇಗ ಹೋಗುತ್ತದೆ, ಸರಿ. ಆದರೆ ಇಷ್ಟು ಬೇಗ ಹೋಗುವುದಿಲ್ಲ.

ಪಕ್ಕದ ರೂಮಿನವರೊಬ್ಬರು ಮೇಣದ ಬತ್ತಿ ತಿಕ್ಕಿ ಅಂದರು. ತಿಕ್ಕಬಹುದು, ಅದರಲ್ಲೂ ಪ್ಯಾರಾಫಿನ್ ಇರುತ್ತದೆ, ತೀರಾ ಗತಿ ಇಲ್ಲದಾಗ ಒಂದು ಮಧ್ಯಾಹ್ನ ದೂಡಬಹುದು. ಹಾಗಂತ ಬಾಂದ್ರಾದ ಮೌಂಟ್ ಮೇರಿ ಮುಂದೆ ಹರಕೆಗೆ ಮಾರುವ ಮೇಣದ ಕಾಲು ತಂದು ಸ್ಕೀಗೆ ತಿಕ್ಕಬೇಡಿ.

ಅಂಚು

ಉಕ್ಕಿನ ಅಂಚಿನಲ್ಲಿ ಕಲ್ಲು ತಾಗಿದ ಕಡೆ ಸಣ್ಣ ಮುಳ್ಳಿನಂತೆ ಲೋಹ ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಹಿಮಕ್ಕೆ ಸಿಕ್ಕಿಕೊಂಡು ಸ್ಕೀಯನ್ನು ಪಕ್ಕಕ್ಕೆ ಎಳೆಯುತ್ತದೆ. ಸವಾರನಿಗೆ ಅದೂ ಹಿಡಿತದ ಥರವೇ ಅನಿಸುತ್ತದೆ. ಹತ್ತಿಯ ಉಂಡೆಯನ್ನು ಅಂಚಿನ ಉದ್ದಕ್ಕೂ ಮೆಲ್ಲಗೆ ಎಳೆಯಿರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಬೆರಳು ಎಳೆಯಬೇಡಿ, ಕುಯ್ಯುತ್ತದೆ. ವಜ್ರದ ಪುಡಿಯ ಸಣ್ಣ ಕಲ್ಲು ಒದ್ದೆ ಮಾಡಿ ನಾಲ್ಕು ಸಲ ತೀಡಿದರೆ ಹೋಗುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವೇ ಇಲ್ಲದೆ ಬೋಳಾಗಿತ್ತಲ್ಲ, ಅಂಥ ತೆಳು ಹಿಮದ ವರ್ಷ ಹೋದವರು ಇದನ್ನು ಮೊದಲು ನೋಡಬೇಕು.

ಇನ್ನೊಂದು, ಅಡಿ ಮಟ್ಟಸವಾಗಿದೆಯಾ ಅಂತ. ಉಕ್ಕಿನ ಅಡಿಪಟ್ಟಿಯನ್ನು ಅಡ್ಡಲಾಗಿ ನಿಲ್ಲಿಸಿ ಹಿಂದಿನಿಂದ ಬೆಳಕು ಬಿಡಿ. ನಡುವೆ ಬೆಳಕು ಕಂಡರೆ ಅಂಚು ಎತ್ತರವಾಗಿ ಅಡಿ ತಗ್ಗಾಗಿದೆ. ಸ್ಕೀ ಹಳಿಯ ಮೇಲೆ ಹೋದಂತೆ ನೇರ ಹೋಗುತ್ತದೆ, ತಿರುಗಲು ಕೇಳುವುದಿಲ್ಲ. ಇದಕ್ಕೆ ಮನೆ ಮದ್ದಿಲ್ಲ.

ಭಾವನ ಬಲ ಸ್ಕೀಯಲ್ಲಿ ಎರಡು ಕಡೆ ಹತ್ತಿ ಸಿಕ್ಕಿಕೊಂಡಿತು. ಸಿಕ್ಕಿತು ಕಾರಣ ಅಂತ ನನಗೆ ಭಾರಿ ಸಂತೋಷ. ತೀಡಿದೆ. ಮರುದಿನ ಪಕ್ಕಕ್ಕೆ ಎಳೆಯುವುದು ನಿಂತಿತು, ಹಿಡಿಯುವುದು ನಿಲ್ಲಲಿಲ್ಲ. ಎರಡು ಕಾಯಿಲೆ ಒಟ್ಟಿಗೆ ಬಂದಾಗ ಚಿಕ್ಕದು ವಾಸಿಯಾದರೆ ದೊಡ್ಡದೂ ಹೋಯಿತು ಅಂದುಕೊಳ್ಳುವುದು ನನ್ನ ಎರಡನೆಯ ತಪ್ಪು.

ಗಾಜು

ಊರಿಗೆ ಬಂದ ಮೇಲೆ ಒಂದು ಶನಿವಾರ ಕೊಥ್ರೂಡ್‌ಗೆ ಹೋದೆ. ಹೋಗುವ ದಾರಿಯಲ್ಲೆಲ್ಲ ಇನ್ನೊಂದು ಊಹೆ ತಲೆಯಲ್ಲಿ ಕಟ್ಟಿಕೊಂಡಿದ್ದೆ. ಈ ಸ್ಕೀಗಳು ಸೆಕೆಂಡ್ ಹ್ಯಾಂಡ್, ಹಳೆಯ ಯಜಮಾನರು ವರ್ಷಗಟ್ಟಲೆ ವ್ಯಾಕ್ಸ್ ಹಾಕಿರುತ್ತಾರೆ, ಅದನ್ನು ತೆಗೆಯದೆ ಟ್ರೀಟ್‌ಮೆಂಟ್ ಹಚ್ಚಿರುತ್ತಾರೆ. ವ್ಯಾಕ್ಸ್ ಕುಡಿದು ತುಂಬಿದ ಅಡಿಯ ಒಳಗೆ ಬೇರೆ ಏನೂ ಇಳಿಯುವುದಿಲ್ಲ. ಹೊಸ ಸ್ಕೀ ಆದರೂ ಫ್ಯಾಕ್ಟರಿಯಲ್ಲೇ ವ್ಯಾಕ್ಸ್ ಹಚ್ಚಿ ಕಳಿಸಿರುತ್ತಾರೆ, ಹೊಸದು ಅಂತ ಹಾಗೇ ಹಚ್ಚಿ ಮೋಸ ಹೋದವರೂ ಇದ್ದಾರೆ. ಪರ್ಮನೆಂಟ್ ಹಾಳಾಗಲು ಇದೊಂದು ಒಳ್ಳೆಯ ಕಾರಣ. ಆದರೆ ಅದು ಎರಡೂ ಸ್ಕೀಗೆ ಅನ್ವಯಿಸಬೇಕಿತ್ತು. ಒಂದೇ ಯಜಮಾನ, ಒಂದೇ ವ್ಯಾಕ್ಸ್, ಒಂದೇ ಕ್ಲೀನರ್. ಎಡದ್ದು ಯಾಕೆ ಸರಿ ಇದೆ?

ಹಾಗಾಗಿ ಭಾವನನ್ನು ಒಂದೇ ಪ್ರಶ್ನೆ ಕೇಳಿದೆ. ಹಚ್ಚುವ ದಿನ ಎರಡೂ ಸ್ಕೀಗೆ ಮಾಡಿದ್ದರಲ್ಲಿ ಏನು ವ್ಯತ್ಯಾಸ?

"ಏನೂ ಇಲ್ಲಪ್ಪ. ಎರಡನ್ನೂ ಬಿಸಿಲಿಗೆ ಇಟ್ಟಿದ್ದೆ."

"ಎಲ್ಲಿ?"

"ಇಲ್ಲೇ. ಒಂದು ಬಾಲ್ಕನಿಯಲ್ಲಿ ಗ್ರಿಲ್‌ಗೆ ಆನಿಸಿ. ಇನ್ನೊಂದಕ್ಕೆ ಅಲ್ಲಿ ಜಾಗ ಎಲ್ಲಿದೆ, ನಿಮ್ಮಕ್ಕನ ತುಳಸಿ, ಕರಿಬೇವು. ಅದನ್ನ ಒಳಗೆ ಸೋಫಾಗೆ ಆನಿಸಿದ್ದೆ. ಬಿಸಿಲು ಪೂರ್ತಿ ಬೀಳ್ತಿತ್ತು."

ಬಿಸಿಲು ಬೀಳುತ್ತಿತ್ತು, ಸ್ಲೈಡಿಂಗ್ ಡೋರಿನ ಗಾಜಿನ ಮೂಲಕ.

ಅವರು ತಂದಿದ್ದು ಸೂರ್ಯನ ಯುವಿ (ಅತಿನೇರಳೆ) ಬೆಳಕಿನಲ್ಲಿ ಗಟ್ಟಿಯಾಗುವ ಥರದ್ದು. ಎಲ್ಲ ಟ್ರೀಟ್‌ಮೆಂಟೂ ಹಾಗಲ್ಲ, ಬೇರೆ ರೀತಿಯಲ್ಲಿ ಒಣಗುವವೂ ಇವೆ. ಆದರೆ ಇದು ಹಾಗೇ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಬಿಸಿಯನ್ನೂ ಬಿಡುತ್ತದೆ, ಯುವಿಯಲ್ಲಿ ಒಂದು ಭಾಗವನ್ನು ತಡೆಯುತ್ತದೆ. ಗಾಜಿಗೆ ಸನ್ ಫಿಲ್ಮ್ ಅಂಟಿಸಿದ್ದರೆ ಕೇಳುವುದೇ ಬೇಡ, ಅಂಟಿಸುವುದೇ ಸೋಫಾ ಬಣ್ಣ ಹೋಗಬಾರದು ಅಂತ. ಅಕ್ಕನ ಮನೆಯಲ್ಲಿ ಅಂಟಿಸಿತ್ತು. ಮುಟ್ಟಿದರೆ ಸ್ಕೀ ಬೆಚ್ಚಗಿತ್ತು, ಅದಕ್ಕೇ ಒಣಗಿದೆ ಅಂದುಕೊಂಡರು. ಬೇಕಾದದ್ದು ಬಿಸಿಯಲ್ಲ, ಆ ಬೆಳಕು.

ಬಲ ಸ್ಕೀಯನ್ನು ತೆಗೆದು ಬಾಲದ ಕಡೆ ಹೆಬ್ಬೆರಳು ಒತ್ತಿದೆ. ಸ್ವಲ್ಪವೇ ಸ್ವಲ್ಪ ಅಂಟು. ಸೋಫಾದ ಕೈ ಅಡ್ಡ ಬಂದು ಅಲ್ಲಿಗೆ ಬಿಸಿಲೂ ಸರಿಯಾಗಿ ತಾಗಿರಲಿಲ್ಲ. ಗುಲ್ಮಾರ್ಗ್‌ನ ಕೊಳೆ ಅಲ್ಲೇ ಯಾಕೆ ಹತ್ತಿತ್ತು, ಉಜ್ಜಿದ ವ್ಯಾಕ್ಸ್ ಅಲ್ಲಿ ಯಾಕೆ ನಿಲ್ಲಲಿಲ್ಲ, ಎರಡೂ ಒಟ್ಟಿಗೆ ಗೊತ್ತಾಯಿತು. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಬಯಲಿನಲ್ಲಿ, ನೇರ ಬಿಸಿಲಲ್ಲಿ ಇಡಿ ಅಂತ ದಪ್ಪ ಅಕ್ಷರದಲ್ಲೇ ಬರೆದಿತ್ತು.

ರಿಪೇರಿ ಹೇಗೆ ಮಾಡಿದೆವು

ಅರ್ಧ ಗಟ್ಟಿಯಾದದ್ದರ ಮೇಲೆ ಮತ್ತೆ ಟ್ರೀಟ್‌ಮೆಂಟ್ ಹಚ್ಚುವ ಧೈರ್ಯ ಬರಲಿಲ್ಲ. ಮೆತ್ತನೆಯ ವ್ಯಾಕ್ಸ್ ಕರಗಿಸಿ ಹಚ್ಚಿ, ಅದು ಇನ್ನೂ ಬಿಸಿ ಇರುವಾಗಲೇ ಕೆರೆದೆವು. ಹೀಗೆ ಮಾಡಿದರೆ ಒಳಗಿನ ಕೊಳೆ ವ್ಯಾಕ್ಸ್ ಜೊತೆ ಎದ್ದು ಬರುತ್ತದೆ. ಮೊದಲ ಸಲ ಕಾಫಿ ಗಸಿಯ ಬಣ್ಣ. ಐದನೆಯ ಸಲ ಬಿಳಿ. ಆಮೇಲೆ ಅದಕ್ಕೆ ಮಾಮೂಲು ಬಿಸಿ ವ್ಯಾಕ್ಸ್. ಸೀಮೆಎಣ್ಣೆ, ಪೇಂಟ್ ಥಿನ್ನರ್ ಕಡೆ ಹೋಗಬೇಡಿ. ಭಾವ ಕೈ ಹಾಕಿದ್ದರು, ತಡೆದೆ.

ಬಿಸಿ ವ್ಯಾಕ್ಸ್ ಬಗ್ಗೆ ನಮ್ಮ ಊರಿನವರು ತಿಳಿಯಬೇಕಾದ್ದು ಎರಡು ಮೂರು ಇವೆ. ಇಸ್ತ್ರಿ ಪೆಟ್ಟಿಗೆ ಬೇರೆಯೇ ಇಟ್ಟುಕೊಳ್ಳಿ, ಹಬೆ ತೂತಿಲ್ಲದ ಹಳೇದು ಸಿಕ್ಕರೆ ಒಳ್ಳೆಯದು. ಸಾಮಾನ್ಯ ವ್ಯಾಕ್ಸ್‌ಗೆ 120 ಡಿಗ್ರಿ ಆಸುಪಾಸು ಸಾಕು, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಅಡಿಯ ಪ್ಲಾಸ್ಟಿಕ್ 130 ದಾಟುತ್ತಿದ್ದ ಹಾಗೆ ಕರಗಲು ಶುರು, ಅಂದರೆ ನಡುವೆ ಜಾಗ ಕಡಿಮೆ. ಮನೆಯ ಇಸ್ತ್ರಿ ಒಂದು ಸಲ ಕಮ್ಮಿ ಒಂದು ಸಲ ಜಾಸ್ತಿ ಕಾಯುತ್ತದೆ, ಆದ್ದರಿಂದ ಕೈ ನಿಲ್ಲಿಸಲೇ ಬಾರದು. ವ್ಯಾಕ್ಸ್‌ನಿಂದ ಹೊಗೆ ಬಂದರೆ ಬಿಸಿ ಜಾಸ್ತಿಯಾಗಿದೆ. ಸ್ಕೀಯ ಮೇಲ್ಭಾಗ ಕೈಗೆ ಬೆಚ್ಚಗೆ ತಾಗಿದರೆ ಸಾಕು, ನಿಲ್ಲಿಸಿ.

ಆಮೇಲೆ ತಣ್ಣಗಾಗಲು ಬಿಡಬೇಕು, ಅರ್ಧ ಗಂಟೆಯಾದರೂ. ಇಲ್ಲೇ ನಮ್ಮ ಕಷ್ಟ. ಏಪ್ರಿಲ್‌ನ ಡೊಂಬಿವಲಿಯಲ್ಲಿ ರೂಮೇ 34 ಡಿಗ್ರಿ ಇರುವಾಗ ವ್ಯಾಕ್ಸ್ ಗಟ್ಟಿಯಾಗುವುದು ಯಾವಾಗ? ಬೆಚ್ಚಗಿನ ಹಿಮಕ್ಕೆ ಹಾಕುವ ಮೆತ್ತನೆ ವ್ಯಾಕ್ಸ್ ಅಂತೂ ಬೆಣ್ಣೆಯಂತೆ ಸವರಿಕೊಳ್ಳುತ್ತದೆ, ಕೆರೆದರೆ ಬರುವುದಿಲ್ಲ. ಎಸಿ ಹಾಕಿದ ರೂಮಿನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಕೆರೆಯಿರಿ. ಅಕ್ಕ ಬೈದರೆ ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ಕೆರೆಯುವುದು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ, ಏನೂ ಬರದವರೆಗೆ. ವ್ಯಾಕ್ಸ್ ಬೇಕಾದ್ದು ಅಡಿಯ ಒಳಗೆ, ಮೇಲೆ ಅಲ್ಲ. ನಿನ್ನೆ ತಾನೇ ವ್ಯಾಕ್ಸ್ ಹಾಕಿದೆ, ಇವತ್ತು ಇನ್ನೂ ಜಾಸ್ತಿ ಹಿಡಿಯುತ್ತಿದೆ ಅನ್ನುವವರಲ್ಲಿ ಹೆಚ್ಚಿನವರು ಕೆರೆದಿರುವುದಿಲ್ಲ. ಕಡೆಗೆ ಬ್ರಷ್. ಅಡಿಯ ಮೇಲೆ ಕೂದಲಿನಂಥ ಗೆರೆಗಳಿರುತ್ತವೆ, ನೀರು ಹರಿದು ಹೋಗಲು ಮಾಡಿದ್ದು. ಅವು ವ್ಯಾಕ್ಸ್‌ನಿಂದ ಮುಚ್ಚಿಹೋದರೆ ಮಾರ್ಚ್ ಹಿಮದಲ್ಲಿ ಗಾಜಿನ ತಟ್ಟೆ ಕಥೆಯೇ.

ಯಾರಾದರೂ ಹಳೆಯ ಫ್ಲೋರಿನ್ ವ್ಯಾಕ್ಸ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಕಾಯಿಸಿದ ಹೊಗೆ ಕೆಟ್ಟದ್ದು, ಮಣ್ಣು ನೀರಿಗೆ ಸೇರಿದರೆ ಹೋಗುವುದೇ ಇಲ್ಲ. 2023-24ರ ಸೀಸನ್‌ನಿಂದ ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ನೇ ತನ್ನ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿದೆ.

ಹಾಗಾದರೆ ಯಾವುದು ಒಳ್ಳೆಯದು

ಬಯಸದೆ ಒಂದು ಒಳ್ಳೆಯ ಹೋಲಿಕೆ ಕೈಗೆ ಬಂತು. ಭಾವನ ಎಡ ಸ್ಕೀ ಪರ್ಮನೆಂಟ್, ಬಲದ್ದು ಬಿಸಿ ವ್ಯಾಕ್ಸ್. ಮುಂದಿನ ಫೆಬ್ರವರಿಯಲ್ಲಿ ಎಂಟು ದಿನ ಹಾಗೇ ಓಡಿಸಿದರು, ದಿನ ಬಿಟ್ಟು ದಿನ ಕಾಲು ಬದಲಿಸಿ. ಮೊದಲ ಎರಡು ದಿನ ವ್ಯಾಕ್ಸ್ ಹಾಕಿದ್ದು ಸ್ಪಷ್ಟವಾಗಿ ಮುಂದೆ. ಮೂರನೆಯ ದಿನ ಎರಡೂ ಒಂದೇ. ಐದನೆಯ ದಿನದ ಹೊತ್ತಿಗೆ ವ್ಯಾಕ್ಸ್‌ನದ್ದು ಅಂಚಿನ ಹತ್ತಿರ ಬಿಳಿಯಾಗಿ ಹಿಂದೆ ಬಿತ್ತು, ಪರ್ಮನೆಂಟ್ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಕಡೆಯ ದಿನ ಬಿಸಿಲು ಬಂದು ಹಿಮ ನೀರಾದಾಗ ಬಲದ್ದಕ್ಕೆ ಬೆಚ್ಚಗಿನ ಹಿಮದ ವ್ಯಾಕ್ಸ್ ಹೊಸದಾಗಿ ಹಾಕಿ ನೋಡಿದೆವು, ಎಡದ್ದು ಅದರ ಸಮಕ್ಕೆ ಬರಲಿಲ್ಲ. ಒಬ್ಬ ಮನುಷ್ಯ, ಒಂದು ಜೊತೆ, ಒಂದು ವಾರ. ಇದರ ಮೇಲೆ ಯಾರೂ ಪೇಪರ್ ಬರೆಯುವುದಿಲ್ಲ, ಆದರೆ ನನಗೆ ಇಷ್ಟು ಸಾಕು.

ನನ್ನ ಅಭಿಪ್ರಾಯ ಹೇಳುವುದಾದರೆ, ಇಲ್ಲಿಂದ ವರ್ಷಕ್ಕೆ ಒಂದು ವಾರ ಹೋಗುವವರಿಗೆ ಪರ್ಮನೆಂಟ್ ಅವಶ್ಯವಲ್ಲ. ಮನೆಯಲ್ಲಿ ಒಂದು ಸಲ ಬಿಸಿ ವ್ಯಾಕ್ಸ್, ಜೇಬಲ್ಲಿ ಉಜ್ಜುವ ವ್ಯಾಕ್ಸ್ ಒಂದು ತುಂಡು, ವಾರ ಕಳೆದು ಹೋಗುತ್ತದೆ. ಮನಾಲಿಯಲ್ಲೋ ಹೊರದೇಶದಲ್ಲೋ ಇಡೀ ಸೀಸನ್ ಇರುವವರಿಗೆ, ಅಥವಾ ಭಾವನಂತೆ ವ್ಯಾಕ್ಸ್ ಹಾಕುವುದೇ ಇಲ್ಲ ಅಂತ ಶಪಥ ಮಾಡಿದವರಿಗೆ ಅದು ಸರಿ. ಒಣಗಿ ಬೆಳ್ಳಗಾದ ಅಡಿಗಿಂತ ಸಾವಿರ ಪಾಲು ಮೇಲು. ಪರ್ಮನೆಂಟ್ ಮೇಲೆ ವ್ಯಾಕ್ಸ್ ಹಚ್ಚಬಾರದು ಅಂತೇನಿಲ್ಲ, ನೀರು ಹಿಮದ ದಿನ ಹಚ್ಚಿಕೊಳ್ಳಬಹುದು. ಕಲ್ಲು ತಾಗಿ ಆದ ಗಾಯಕ್ಕೆ ಪ್ಲಾಸ್ಟಿಕ್ ಕಡ್ಡಿ ಉರಿಸಿ ತುಂಬಿದ್ದರೆ, ಆ ತೇಪೆಯಲ್ಲಿ ಟ್ರೀಟ್‌ಮೆಂಟ್ ಇರುವುದಿಲ್ಲ, ಅಲ್ಲಿಗೆ ವ್ಯಾಕ್ಸ್ ಬೇಕೇ ಬೇಕು.

ಮಳೆಗಾಲ

ಪರ್ಮನೆಂಟ್‌ನವರು ಇಲ್ಲಿ ಇನ್ನೊಂದು ಸಲ ಸಿಕ್ಕಿಬೀಳುತ್ತಾರೆ. ವ್ಯಾಕ್ಸ್ ಹಾಕುವವರು ಸೀಸನ್ ಮುಗಿದ ಮೇಲೆ ದಪ್ಪಗೆ ವ್ಯಾಕ್ಸ್ ಹಚ್ಚಿ, ಉಕ್ಕಿನ ಅಂಚೂ ಮುಚ್ಚುವಂತೆ ಬಳಿದು, ಕೆರೆಯದೆ ಇಡುತ್ತಾರೆ. ಅಡಿಯೂ ಒಣಗುವುದಿಲ್ಲ, ಅಂಚಿಗೆ ತುಕ್ಕೂ ಬರುವುದಿಲ್ಲ. ಪರ್ಮನೆಂಟ್ ಮಾಡಿದವರು ಅಡಿಗೆ ಏನೂ ಬೇಡ ಅಂತ ಹಾಗೇ ಚೀಲಕ್ಕೆ ಹಾಕುತ್ತಾರೆ. ಅಡಿಗೆ ಬೇಡ ಸರಿ, ಅಂಚು ಉಕ್ಕಲ್ವಾ? ಜುಲೈಯಲ್ಲಿ ಮುಂಬೈಯ ಹವೆಗೆ ಬೆಂಕಿಪೊಟ್ಟಣವೇ ಹತ್ತುವುದಿಲ್ಲ, ಚೀಲದೊಳಗಿನ ತೇವಕ್ಕೆ ಉಕ್ಕು ಎಷ್ಟು ದಿನ ತಡೆದೀತು. ಪ್ರಯಾಣದ ಚೀಲದಿಂದ ಹೊರಗೆ ತೆಗೆದು, ಒರೆಸಿ, ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿ, ಅಂಚಿಗಾದರೂ ವ್ಯಾಕ್ಸ್ ಬಳಿದು ಇಡಿ. ಹೊರಗೋಡೆಗೆ ಆನಿಸಬೇಡಿ. ತುಕ್ಕು ಮೇಲುಮೇಲಕ್ಕೆ ಬಂದಿದ್ದರೆ ಅಂಚು ತೀಡುವ ಅದೇ ಕಲ್ಲಿನಲ್ಲಿ ಹೋಗುತ್ತದೆ. ತುಕ್ಕಿನ ಕಂದು ನೀರು ಅಡಿಗೆ ಇಳಿದು ಕಲೆಯಾಗಿದ್ದರೆ ಮೊದಲು ಒರೆಸಿ, ಆಮೇಲೆ ತೀಡಿ.

ಭಾವ ಈಗ ಬಲ ಸ್ಕೀಯನ್ನೂ ಪರ್ಮನೆಂಟ್ ಮಾಡಬೇಕು ಅಂತ ಕೂತಿದ್ದಾರೆ. ಹಾಕಿದ ವ್ಯಾಕ್ಸ್ ಎಲ್ಲ ಮೊದಲು ತೆಗೆಯಬೇಕು, ಕ್ಲೀನರ್ ಒಂದು ಡಬ್ಬಿ ಬೇಕಾಗುತ್ತದೆ ಅಂದೆ. ತರಿಸಿಟ್ಟಿದ್ದಾರೆ. ಈ ಮೋಡದಲ್ಲಿ ಏನೂ ಆಗುವುದಿಲ್ಲ, ಅಕ್ಟೋಬರ್ ಬಿಸಿಲಿನವರೆಗೆ ಕಾಯಬೇಕು. ಅಷ್ಟರೊಳಗೆ ಅವರ ಸೊಸೈಟಿಯ ಸೆಕ್ರೆಟರಿ ಹತ್ತಿರ ಟೆರೇಸಿನ ಕೀಲಿ ಕೇಳಿಟ್ಟುಕೊಳ್ಳಬೇಕು. ಹಪ್ಪಳ ಒಣಗಿಸಲು ಕೊಡುತ್ತಾರಂತೆ, ಸ್ಕೀ ಅಂದರೆ ಏನು ಹೇಳುತ್ತಾರೋ ನೋಡಬೇಕು.